ಆರನೆಯ ಗುಂಡು

"ಈಗ ತಾನೇ ತೆರೆದು ತೋರಿಸಿದೆನಲ್ಲ ಗುರುಗಳೇ. ಆರು ಮನೆಯೂ ಖಾಲಿ. ಆದರೂ ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ನೀವೇ ತೆರೆದು ನೋಡುತ್ತೀರಿ. ಇಷ್ಟು ವರ್ಷದ ಮೇಲೂ ನನ್ನ ಮೇಲೆ ನಂಬಿಕೆ ಇಲ್ಲವೇ?"

ಕೇಳಿದವನು ಸಿದ್ರಾಮ. ಸಂಸ್ಥಾನದ ಖಜಾನೆಯ ಕಾವಲಿಗೆ ಅವನ ನೇಮಕವಾಗಿತ್ತು. ಅಂದು ಮಧ್ಯಾಹ್ನವೇ ಹೊರಡಬೇಕು. ಅವನಿಗೆ ರಿವಾಲ್ವರ್ ಹಿಡಿಯಲು ಕಲಿಸಿದವರು ಆಯುಧಶಾಲೆಯ ಜಮಾದಾರ ಗಿರಿಮಲ್ಲಪ್ಪನವರು. ಸಿದ್ರಾಮ ಅದನ್ನು ಅವರ ಕೈಗೆ ಕೊಟ್ಟಾಗಲೆಲ್ಲ ಅವರು ಹೀಗೆಯೇ ಮಾಡುತ್ತಿದ್ದರು. ಕುದುರೆ ಎಂದು ಅವರು ಕರೆಯುವ ಹಿಂದಿನ ಕೊಕ್ಕೆಯನ್ನು ಹೆಬ್ಬೆರಳಿನಿಂದ ಅರ್ಧ ಎಳೆಯುವುದು, ಪಕ್ಕದ ಪುಟ್ಟ ಬಾಗಿಲು ತೆರೆಯುವುದು, ಉರುಳೆಯನ್ನು ತಿರುಗಿಸುತ್ತ ಗುಂಡು ಕೂರುವ ಒಂದೊಂದು ಮನೆಯನ್ನೂ ನೋಡುವುದು. ಬೇರೆ ಶಿಷ್ಯರ ಮುಂದೆಯೂ ಹಾಗೆಯೇ. ಆ ಶಿಷ್ಯರು ಸಿದ್ರಾಮನನ್ನು ನೋಡಿ ನಗುತ್ತಿದ್ದರು.

ಗುರುಗಳು ಕೊನೆಯ ಮನೆಯನ್ನೂ ನೋಡಿ ಬಾಗಿಲು ಮುಚ್ಚಿದರು. ರಿವಾಲ್ವರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎಣ್ಣೆಬಟ್ಟೆ ತೆಗೆದುಕೊಂಡರು.

"ಕೂತುಕೋ," ಎಂದರು. "ಒಬ್ಬ ವ್ಯಾಪಾರಿ ಇದ್ದ."

ವ್ಯಾಪಾರಿ ಬೆಳ್ಳಿ ಸಾಮಾನು ಮಾರುವವನು. ಗಾಡಿ ಕಟ್ಟಿಕೊಂಡು ಊರೂರು ತಿರುಗುವವನು. ಅವನ ಜೊತೆಗೆ ಒಬ್ಬ ಗಾಡಿಯವನು, ಒಬ್ಬ ಕಾವಲುಗಾರ. ಕಾವಲುಗಾರನ ಸೊಂಟದಲ್ಲಿ ಇಂಥದ್ದೇ ಒಂದು ರಿವಾಲ್ವರ್. ಒಂದು ಗುಂಡು ಹಾರಬೇಕಾದರೆ ಮೊದಲು ಕುದುರೆಯನ್ನು ಹೆಬ್ಬೆರಳಿನಿಂದ ಪೂರ್ತಿ ಎಳೆಯಬೇಕು, ಆಮೇಲೆ ಕೆಳಗಿನ ಬಿಲ್ಲನ್ನು ತೋರುಬೆರಳಿನಿಂದ ಒತ್ತಬೇಕು. ಮತ್ತೊಂದು ಹಾರಬೇಕಾದರೆ ಮತ್ತೆ ಎಳೆಯಬೇಕು.

ಕಾವಲುಗಾರ ಬೆಳಿಗ್ಗೆ ಮುಖ ತೊಳೆದ ಮೇಲೆ, ಬಾಯಿಗೆ ಏನನ್ನೂ ಹಾಕಿಕೊಳ್ಳುವ ಮೊದಲು, ಗಾಡಿಯಿಂದ ದೂರ ಹೋಗಿ ಎಲ್ಲರಿಗೂ ಬೆನ್ನು ಮಾಡಿ ನಿಲ್ಲುತ್ತಿದ್ದ. ನಳಿಗೆಯನ್ನು ನೆಲಕ್ಕೆ ತೋರಿಸಿ ಗುಂಡು ತುಂಬುತ್ತಿದ್ದ. ತುಂಬುವಾಗ ಬಾಯಲ್ಲಿ ಒಂದು ಲೆಕ್ಕ. "ಒಂದು ತುಂಬು, ಒಂದು ಬಿಡು, ನಾಲ್ಕು ತುಂಬು." ಆಮೇಲೆ ಕುದುರೆಯನ್ನು ಪೂರ್ತಿ ಎಳೆದು, ಹೆಬ್ಬೆರಳಿನ ಹಿಡಿತ ಬಿಡದೆ, ಮಲಗಿದ ಮಗುವನ್ನು ಇಳಿಸಿದ ಹಾಗೆ ಇಳಿಸುತ್ತಿದ್ದ. ಬಿಟ್ಟ ಮನೆ ಸರಿಯಾಗಿ ಕುದುರೆಯ ಕೆಳಗೆ ಬಂದು ನಿಲ್ಲುತ್ತಿತ್ತು.

ಆರು ಮನೆಯ ಆಯುಧದಲ್ಲಿ ಐದೇ ಗುಂಡು ಯಾಕೆ ಎಂದು ವ್ಯಾಪಾರಿ ಮೊದಲ ವರ್ಷವೇ ಕೇಳಿದ್ದ.

"ಕುದುರೆಯ ಮೂತಿಯಲ್ಲಿ ಒಂದು ಮೊಳೆ ಇದೆ ಸಾವ್ಕಾರ್ರೇ," ಎಂದಿದ್ದ ಕಾವಲುಗಾರ. "ಆ ಮನೆಯಲ್ಲಿ ಗುಂಡು ಇದ್ದರೆ ಮೊಳೆ ಅದರ ಬೆನ್ನಿಗೆ ತಾಗಿಕೊಂಡೇ ಇರುತ್ತದೆ. ಹಿಂದಿನಿಂದ ಒಂದು ಪೆಟ್ಟು ಬಿದ್ದರೆ ಸಾಕು. ಬೆರಳು ಬೇಕಿಲ್ಲ."

"ನಮ್ಮ ಅತ್ತೆಯೂ ಹಾಗೆಯೇ," ಎಂದಿದ್ದ ಗಾಡಿಯವನು. "ಬಾಗಿಲು ತಟ್ಟಿದರೆ ಸಾಕು."

ಕಾವಲುಗಾರನಿಗೆ ಇನ್ನೊಂದು ಪದ್ಧತಿ ಇತ್ತು. ಆಯುಧ ತನ್ನ ಮೈಯಿಂದ ಒಂದು ಗಳಿಗೆ ದೂರವಾದರೂ, ಮತ್ತೆ ಕೈಗೆ ಬಂದ ಕೂಡಲೇ ತೆರೆದು ನೋಡುತ್ತಿದ್ದ. ಗೋಡೆಯ ಗೂಟದಿಂದ ತೆಗೆದುಕೊಂಡರೂ ನೋಡುತ್ತಿದ್ದ. ತನ್ನ ತಲೆದಿಂಬಿನ ಅಡಿಯಿಂದ ತೆಗೆದುಕೊಂಡರೂ ನೋಡುತ್ತಿದ್ದ.

ದಾರಿಯಲ್ಲಿ ಸ್ನಾನಕ್ಕೆ ಇಳಿಯುವಾಗ ಸೊಂಟದ ಪಟ್ಟಿಯನ್ನು ಆಯುಧದ ಸಮೇತ ಬಿಚ್ಚಿ ವ್ಯಾಪಾರಿಯ ಹೆಗಲಿಗೆ ಹಾಕುತ್ತಿದ್ದ. ಬೇರೆ ಯಾರ ಹೆಗಲಿಗೂ ಹಾಕುತ್ತಿರಲಿಲ್ಲ. ಮೊದಮೊದಲು ಸ್ನಾನ ಮುಗಿಸಿ ಬಂದು, ಪಟ್ಟಿ ಇಸಿದುಕೊಂಡು, ಅಲ್ಲೇ ವ್ಯಾಪಾರಿಯ ಕಣ್ಣೆದುರಿಗೇ ತೆರೆದು ನೋಡುತ್ತಿದ್ದ. ಒಂದು ದಿನ ವ್ಯಾಪಾರಿಗೆ ಅದು ಮನಸ್ಸಿಗೆ ಚುಚ್ಚಿತು.

"ಏನು ನಾಯಕ, ಒಂದೇ ಬುತ್ತಿಯಲ್ಲಿ ಉಣ್ಣುತ್ತೇವೆ," ಎಂದ. "ನಾನು ಏನು ಮಾಡಿಬಿಟ್ಟೇನು ಎಂದು ನೋಡುತ್ತೀ? ನನ್ನ ಮೇಲೂ ಅನುಮಾನವೇ?"

ಕಾವಲುಗಾರನ ಮುಖ ಸಣ್ಣಗಾಯಿತು. "ಛೆ, ಹಾಗೇನಿಲ್ಲ ಸಾವ್ಕಾರ್ರೇ. ಕೈಗೆ ಬಿದ್ದ ರೂಢಿ."

ಅಂದಿನಿಂದ ವ್ಯಾಪಾರಿಯ ಕೈಯಿಂದ ತೆಗೆದುಕೊಂಡಾಗ ಮಾತ್ರ ನೋಡುವುದನ್ನು ಬಿಟ್ಟ. ಗಾಡಿಯವನು ಎತ್ತಿನ ಕಡೆ ತಿರುಗಿ, "ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗ ಇಲ್ಲವಂತೆ," ಎಂದು ಎತ್ತಿಗೆ ಹೇಳಿದ. ಕಾವಲುಗಾರ ಕೇಳಿಸಿಕೊಳ್ಳದವನ ಹಾಗೆ ಪಟ್ಟಿ ಬಿಗಿದ. ವ್ಯಾಪಾರಿಗೆ ಸಂತೋಷವಾಗಿತ್ತು. ಇವನಿಗೆ ಗೂಟದ ಮೇಲೆ ಇಲ್ಲದ ನಂಬಿಕೆ, ದಿಂಬಿನ ಮೇಲೆ ಇಲ್ಲದ ನಂಬಿಕೆ ತನ್ನ ಮೇಲಿದೆ ಎಂದುಕೊಂಡ. ವರ್ಷಗಳು ಹಾಗೆಯೇ ಕಳೆದವು.

ಒಂದು ಬೇಸಿಗೆಯಲ್ಲಿ ಅವರು ಒಂದು ಕಣಿವೆ ದಾಟಬೇಕಾಗಿತ್ತು. ಕಣಿವೆಯ ಈಚೆ ಸುಂಕದ ಕಟ್ಟೆ. ಅಲ್ಲಿಯ ಮುದುಕ ಗಾಡಿಯ ಒಳಗೆ ಇಣುಕಿ ನೋಡಿ, ಬೆಳ್ಳಿ ಎಂದು ತಿಳಿದ ಮೇಲೆ ನಾಲಗೆ ಕಚ್ಚಿಕೊಂಡ.

"ಇವತ್ತೇ ಹೋಗಬೇಕೇ?" ಎಂದ. "ನಿನ್ನೆ ಮೇಲಿನ ಬಂಡೆಗಳ ಸಂದಿನಲ್ಲಿ ಆರು ಮಂದಿ ಕೂತಿದ್ದರಂತೆ. ಹೋಗುವವರು ಕಂಡದ್ದು. ನಾನು ಕಂಡಿಲ್ಲ."

ಹೋಗದೆ ವಿಧಿ ಇರಲಿಲ್ಲ. ಮರುದಿನ ಆಚೆ ಊರಿನಲ್ಲಿ ಸಂತೆ. ಗಾಡಿ ಮುಂದೆ ಹೋಯಿತು. ವ್ಯಾಪಾರಿಯ ತಲೆಯಲ್ಲಿ ಒಂದೇ ಲೆಕ್ಕ. ಅವರು ಆರು ಮಂದಿ. ಇವನ ಹತ್ತಿರ ಐದು ಗುಂಡು.

"ನಾಯಕ, ಇವತ್ತು ಒಂದು ದಿನ ಆರನ್ನೂ ತುಂಬಿಬಿಡು," ಎಂದ.

"ಬೇಡ ಸಾವ್ಕಾರ್ರೇ."

"ಅವರು ಆರು ಮಂದಿ."

"ಮೊದಲನೆಯವನು ಬಿದ್ದರೆ ಉಳಿದ ಐವರು ನನ್ನ ಲೆಕ್ಕ ಮುಗಿಯುವ ತನಕ ನಿಂತಿರುವುದಿಲ್ಲ."

"ನಿಂತರೆ?"

"ನಿಂತರೆ ಆರರಲ್ಲೂ ಆಗುವುದಿಲ್ಲ," ಎಂದ ಕಾವಲುಗಾರ.

ಗಾಡಿಯವನು ನಕ್ಕ. ವ್ಯಾಪಾರಿ ನಗಲಿಲ್ಲ.

ಕಣಿವೆಯ ಬುಡದಲ್ಲಿ ಒಂದು ಹಳ್ಳ. ಬೇಸಿಗೆಯಲ್ಲೂ ಮೊಣಕಾಲಿನ ತನಕ ನೀರಿತ್ತು. ಮೇಲೆ ನೀರು ಸಿಗುವುದಿಲ್ಲ. ಎತ್ತುಗಳನ್ನು ಬಿಚ್ಚಿದರು. ಗಾಡಿಯವನು ಎತ್ತು ಹೊಡೆದುಕೊಂಡು ಕೆಳಗೆ ಹೋದ. ಕಾವಲುಗಾರ ಪಟ್ಟಿ ಬಿಚ್ಚಿ ವ್ಯಾಪಾರಿಯ ಹೆಗಲಿಗೆ ಹಾಕಿ ನೀರಿಗೆ ಇಳಿದ.

ವ್ಯಾಪಾರಿ ಒಬ್ಬನೇ ಗಾಡಿಯ ಹತ್ತಿರ ನಿಂತಿದ್ದ. ಹೆಗಲ ಮೇಲಿನ ಭಾರ ಅವನಿಗೆ ಹೊಸದೇನಲ್ಲ. ಆದರೆ ಇಂದು ಅದರ ಕಡೆಗೇ ಗಮನ ಹೋಯಿತು. ಪಟ್ಟಿಗೆ ಸಿಕ್ಕಿಸಿದ ಚರ್ಮದ ಚೀಲದಲ್ಲಿ ಬಿಡಿ ಗುಂಡುಗಳು ಇದ್ದವು. ಕಾವಲುಗಾರ ತುಂಬುವುದನ್ನು ಅವನು ವರ್ಷಗಟ್ಟಲೆ ನೋಡಿದ್ದ. ಕೈಗೆ ಬರದಿದ್ದರೂ ಕಣ್ಣಿಗೆ ಬರುತ್ತಿತ್ತು.

ಗಾಡಿಯ ಮರೆಗೆ ಹೋದ. ಕುದುರೆಯನ್ನು ಅರ್ಧ ಎಳೆದ. ಬಾಗಿಲು ತೆರೆದ. ಉರುಳೆ ತಿರುಗಿಸಿದ. ಗುಂಡಿನ ಹಿತ್ತಾಳೆ ಬೆನ್ನುಗಳು ಒಂದರ ಹಿಂದೆ ಒಂದು ಬಂದವು. ಆಮೇಲೆ ಒಂದು ಕಪ್ಪು ತೂತು. ಚೀಲದಿಂದ ಒಂದು ಗುಂಡು ತೆಗೆದು ಅದರೊಳಗೆ ನೂಕಿದ. ಅದು ತನ್ನ ಮನೆಗೆ ತಾನು ಬಂದ ಹಾಗೆ ಕೂತಿತು. ಬಾಗಿಲು ಮುಚ್ಚಿ ಕುದುರೆಯನ್ನು ಪೂರ್ತಿ ಎಳೆದ. ಇಳಿಸುವಾಗ ಇನ್ನೊಂದು ಕೈಯ ಹೆಬ್ಬೆರಳನ್ನೂ ಸೇರಿಸಿ ಹಿಡಿದ. ಕುದುರೆ ಮೆಲ್ಲಗೆ ಇಳಿದು ನಿಂತಿತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ಅವನಿಗೆ ಧೈರ್ಯ ಬಂತು. ಪೆಟ್ಟು ಬಿದ್ದರೆ ತಾನೇ? ಪೆಟ್ಟು ಯಾಕೆ ಬೀಳುತ್ತದೆ? ಇವನೇನು ಅದನ್ನು ಕಲ್ಲಿಗೆ ಬಡಿಯುತ್ತಾನೆಯೇ? ಆರು ಮಂದಿಗೆ ಆರು ಗುಂಡು. ಪ್ರಾಣ ಉಳಿದ ಮೇಲೆ ಹೇಳಿದರಾಯಿತು. ಆಗ ಅವನೇ ನಗುತ್ತಾನೆ.

ಕಾವಲುಗಾರ ತಲೆ ಒರೆಸಿಕೊಳ್ಳುತ್ತ ಬಂದ. ಕೈ ಚಾಚಿದ. ವ್ಯಾಪಾರಿ ಪಟ್ಟಿಯನ್ನು ಕೊಟ್ಟ.

ಕಾವಲುಗಾರನ ಹೆಬ್ಬೆರಳು ತಾನಾಗಿಯೇ ಕುದುರೆಯ ಮೇಲೆ ಹೋಯಿತು. ವ್ಯಾಪಾರಿ ಅದನ್ನು ನೋಡಿದ. ಕಾವಲುಗಾರ ತಲೆ ಎತ್ತಿ ವ್ಯಾಪಾರಿಯ ಮುಖ ನೋಡಿದ. ಹೆಬ್ಬೆರಳು ಕುದುರೆಯಿಂದ ಕೆಳಗೆ ಇಳಿಯಿತು. ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡ.

"ಹೊರಡೋಣವೇ?" ಎಂದ.

ಗಾಡಿ ಏರು ಹತ್ತಿತು. ದಾರಿ ಎಂದರೆ ಬಂಡೆಗಳ ನಡುವೆ ಚಕ್ರ ಕೊರೆದ ಎರಡು ಗೀರು, ಅಷ್ಟೇ. ಗಾಡಿ ಒಂದು ಕಡೆ ಏಳುತ್ತಿತ್ತು, ಇನ್ನೊಂದು ಕಡೆ ಬೀಳುತ್ತಿತ್ತು. ಕಾವಲುಗಾರ ಬಲಗಡೆಯ ಚಕ್ರದ ಪಕ್ಕದಲ್ಲಿ ನಡೆಯುತ್ತಿದ್ದ. ಮೊದಲು ವ್ಯಾಪಾರಿ ಬಂಡೆಗಳ ಸಂದುಗಳನ್ನು ನೋಡುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಅವನ ಕಣ್ಣು ಕಾವಲುಗಾರನ ಸೊಂಟಕ್ಕೆ ಬಂತು. ಆಮೇಲೆ ಅಲ್ಲಿಂದ ಹೋಗಲಿಲ್ಲ.

ಚಕ್ರ ಒಂದು ಬಂಡೆಯಿಂದ ಧಡ್ ಎಂದು ಇಳಿಯಿತು. ಅದರ ಕೀಲು ಕಾವಲುಗಾರನ ಸೊಂಟದಿಂದ ಗೇಣು ದೂರದಲ್ಲಿ ಹಾದುಹೋಯಿತು.

"ದೂರ ನಡೆ ನಾಯಕ," ಎಂದ ವ್ಯಾಪಾರಿ. "ಚಕ್ರ ತಾಗೀತು."

"ಇಷ್ಟು ವರ್ಷ ತಾಗದ್ದು ಇವತ್ತು ತಾಗುತ್ತದೆಯೇ?"

ಕಾವಲುಗಾರ ದೂರ ಹೋಗಲಿಲ್ಲ. ಇನ್ನಷ್ಟು ಹತ್ತಿರ ಬಂದು ಗಾಡಿಯ ಅಂಚನ್ನು ಹಿಡಿದುಕೊಂಡ. ಏರು ಹೆಚ್ಚಾಗಿತ್ತು, ಎತ್ತುಗಳಿಗೆ ಕೈಜೋಡಿಸಿ ನೂಕುತ್ತಿದ್ದ. ನೂಕುವಾಗ ರಿವಾಲ್ವರಿನ ಹಿಡಿ ಗಾಡಿಯ ಮರಕ್ಕೆ ತಾಗಿ ಟಕ್ ಎಂದಿತು. ಕುದುರೆಗೂ ಮರಕ್ಕೂ ನಡುವೆ ಎರಡು ಬೆರಳಿನ ಅಂತರ. ಮತ್ತೆ ಟಕ್ ಎಂದಿತು. ವ್ಯಾಪಾರಿ ತಾನು ಹಾಸಿಕೊಂಡಿದ್ದ ಕಂಬಳಿಯನ್ನು ಎಳೆದು ಆ ಮರದ ಮೇಲೆ ಹಾಕಿದ.

"ಯಾಕೆ ಧಣಿ?" ಎಂದ ಗಾಡಿಯವನು. "ಬೆಳ್ಳಿಗೆ ಬಿಸಿಲು ತಾಗುತ್ತದೆಯೇ?"

ವ್ಯಾಪಾರಿ ಕಂಬಳಿಯನ್ನು ಇನ್ನೊಂದು ಮಡಿಕೆ ಮಾಡಿದ. ಹೇಳಿಬಿಡಬೇಕು ಎಂದುಕೊಂಡ. ಮಾತು ಕಷ್ಟದ್ದಲ್ಲ. ನಾಯಕ, ಆರನೆಯದನ್ನು ನಾನು ತುಂಬಿದ್ದೇನೆ, ತೆಗೆದುಬಿಡು. ಇಷ್ಟೇ. ಎತ್ತು ನಾಲ್ಕು ಹೆಜ್ಜೆ ಇಡುವುದರಲ್ಲಿ ಮುಗಿಯುವ ಮಾತು. ಆದರೆ ಅದನ್ನು ಕೇಳಿದ ಮೇಲೆ ಕಾವಲುಗಾರನ ಮುಖ ಹೇಗಾಗುತ್ತದೆ ಎಂದು ಅವನಿಗೆ ಕಾಣುತ್ತಿತ್ತು. ಬೈಯುವವನಲ್ಲ. ಒಂದು ಮಾತೂ ಆಡದೆ ಗುಂಡು ತೆಗೆಯುತ್ತಾನೆ. ನಾಳೆಯಿಂದ ಪಟ್ಟಿಯನ್ನು ಹೆಗಲಿಗೆ ಹಾಕುವುದಿಲ್ಲ. ಮರದ ಕೊಂಬೆಗೆ ಹಾಕುತ್ತಾನೆ.

"ನಾಯಕ," ಎಂದ.

"ಹೇಳಿ ಸಾವ್ಕಾರ್ರೇ."

"ನೀರು ಬೇಕೇ?"

"ಈಗ ತಾನೇ ಹಳ್ಳದಿಂದ ಬಂದೆನಲ್ಲ."

"ಧಣಿಯ ಮುಖ ನೋಡಿದರೆ ಕಳ್ಳರೇ ಹೆದರಿ ಓಡುತ್ತಾರೆ," ಎಂದ ಗಾಡಿಯವನು. "ನಾಯಕರೇ, ನಿಮ್ಮ ಕೆಲಸ ಹೋಯಿತು."

ನೆತ್ತಿ ಹತ್ತಿರ ಬಂತು. ಸುಂಕದವನು ಹೇಳಿದ ಬಂಡೆಗಳು ಎರಡೂ ಕಡೆ ಕಂಡವು. ಗಾಡಿಯವನು ಹಾಸ್ಯ ನಿಲ್ಲಿಸಿದ. ಕಾವಲುಗಾರ ಚರ್ಮದ ಒರೆಯ ಮೇಲಿನ ಸಣ್ಣ ಪಟ್ಟಿಯನ್ನು ಬಿಚ್ಚಿದ. ಆಯುಧ ಒರೆಯಿಂದ ಜಾರದಂತೆ ಕುದುರೆಯನ್ನು ಹಿಡಿದಿಡುವ ಪಟ್ಟಿ ಅದು. ಅಪಾಯದ ಜಾಗದಲ್ಲಿ ಅದನ್ನು ಬಿಚ್ಚಿಕೊಂಡೇ ನಡೆಯುವುದು ಕಾವಲಿನವರ ಕ್ರಮ.

ಮೇಲಿನಿಂದ ಒಂದು ಕಲ್ಲು ಉರುಳಿತು. ಅದರ ಹಿಂದೆ ಮತ್ತೊಂದು.

ಕಾವಲುಗಾರ ಆಯುಧ ತೆಗೆದ. ಹೆಬ್ಬೆರಳು ಕುದುರೆಯ ಮೇಲೆ ಇತ್ತು. ನಳಿಗೆ ಬಂಡೆಯ ಕಡೆಗೆ. ಎತ್ತುಗಳು ನಿಂತವು.

ಆ ಗಳಿಗೆಯಲ್ಲಿ ವ್ಯಾಪಾರಿ ಬೇಡಿಕೊಂಡದ್ದು ಕಳ್ಳರು ಬಾರದಿರಲಿ ಎಂದಲ್ಲ. ಇವನು ಕುದುರೆ ಎಳೆಯಲಿ ಎಂದು. ಒಂದು ಸಲ ಎಳೆದರೆ ಉರುಳೆ ಒಂದು ಮನೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಒರೆಗೆ ಹಾಕುವ ಮೊದಲು ಇವನು ಬಾಗಿಲು ತೆರೆದು ಖಾಲಿ ಮನೆಯನ್ನು ಹುಡುಕಲೇಬೇಕು. ಹುಡುಕಿದರೆ ಸಿಗುವುದಿಲ್ಲ. ತಾನು ಬಾಯಿ ಬಿಡದೆಯೇ ಗೊತ್ತಾಗಿಬಿಡುತ್ತದೆ. ಎಳೆಯಲಿ, ದೇವರೇ, ಒಂದು ಸಲ ಎಳೆಯಲಿ.

ಬಂಡೆಯ ಹಿಂದಿನಿಂದ ಒಂದು ಆಡು ಬಂತು. ಅದರ ಹಿಂದೆ ಇನ್ನೂ ಕೆಲವು ಬಂದವು. ಕೊನೆಗೆ ಒಬ್ಬ ಮುದುಕಿ ಕೋಲು ಹಿಡಿದು ಬಂದಳು. ನಳಿಗೆಯನ್ನು ನೋಡಿದಳು.

"ನನ್ನ ಆಡು ನಿನಗೇನು ಮಾಡಿತಪ್ಪಾ?" ಎಂದಳು.

ಕಾವಲುಗಾರ ನಳಿಗೆ ಇಳಿಸಿದ. "ತಪ್ಪಾಯಿತು ಅವ್ವಾ. ಇಲ್ಲಿ ಯಾರಾದರೂ ಕಂಡರೇ? ಆರು ಮಂದಿ?"

"ಈ ಬಿಸಿಲಿಗೆ ಹಾವು ಕೂಡ ಹೊರಗೆ ಬರುವುದಿಲ್ಲ. ಮಂದಿ ಎಲ್ಲಿಂದ ಬರಬೇಕು? ಬೆಳಗಿನಿಂದ ನಾನು ಇಲ್ಲೇ ಇದ್ದೇನೆ. ನಿನ್ನೆಯೂ ಇದ್ದೆ."

ಗಾಡಿಯವನು ಆಡುಗಳನ್ನು ಎಣಿಸಿದ. "ಸುಂಕದವನು ಹೇಳಿದ್ದು ಇವನ್ನೇ ಇರಬೇಕು ಧಣಿ. ಗಡ್ಡವೂ ಇದೆ."

ಕಾವಲುಗಾರ ನಕ್ಕ. ಕುದುರೆ ಎಳೆಯಲಿಲ್ಲ. ಆಯುಧವನ್ನು ಹಾಗೆಯೇ ಒರೆಗೆ ಇಳಿಸಿದ. ಕಣಿವೆ ಇನ್ನೂ ಮುಗಿದಿರಲಿಲ್ಲ. ಮೇಲಿನ ಪಟ್ಟಿಯನ್ನು ಹಾಕಲಿಲ್ಲ.

ಆಡುಗಳು ಹೋದವು. ಮುದುಕಿ ಹೋದಳು. ಕಳ್ಳರು ಇಲ್ಲ. ಈಗ ವ್ಯಾಪಾರಿಗೆ ಸುಮ್ಮನಿರಲು ಒಂದು ಕಾರಣವೂ ಉಳಿಯಲಿಲ್ಲ. ಭಯವೆಂದು ಹೇಳಿಕೊಳ್ಳಲು ಭಯವಿಲ್ಲ. ಉಳಿದದ್ದು ನಾಚಿಕೆ ಒಂದೇ. ಅದು ಭಯಕ್ಕಿಂತ ಭಾರವಾಗಿತ್ತು.

ಇಳಿಜಾರು ಶುರುವಾಯಿತು. ಕೆಳಗೆ ಒಂದು ಆಲದ ಮರ ಕಂಡಿತು. ಅದರಾಚೆ ಊರಿನ ಹೆಂಚುಗಳು.

"ಆಲದ ಕೆಳಗೆ ಬುತ್ತಿ ಬಿಚ್ಚೋಣ," ಎಂದ ಕಾವಲುಗಾರ. "ಹೊಟ್ಟೆ ತಾಳ ಹಾಕುತ್ತಿದೆ."

ಅಲ್ಲಿ ಹೇಳುತ್ತೇನೆ ಎಂದು ವ್ಯಾಪಾರಿ ತೀರ್ಮಾನಿಸಿದ. ಉಣ್ಣುವಾಗ ಹೇಳುತ್ತೇನೆ. ರೊಟ್ಟಿ ಮುರಿದುಕೊಂಡು, ನಗುತ್ತ ಹೇಳುತ್ತೇನೆ. ನಾಯಕ, ನಾನೊಂದು ಹುಚ್ಚು ಕೆಲಸ ಮಾಡಿದೆ ನೋಡು. ಗಾಡಿಯವನು ಏನಾದರೂ ಒಂದು ಹಾಸ್ಯ ಮಾಡುತ್ತಾನೆ. ಹಾಸ್ಯದಲ್ಲಿ ಮಾತು ಕರಗಿಹೋಗುತ್ತದೆ. ಈಗ, ಈ ಇಳಿಜಾರಿನಲ್ಲಿ, ಕೂಗಿ ಹೇಳಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಆಲದ ಮರ ಏನು ದೂರವಿತ್ತು? ಅದರ ಬಿಳಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

ಗಾಡಿ ಜಾರತೊಡಗಿತು. ಎತ್ತುಗಳು ಕಾಲು ಊರಿದವು. ಗೊರಸಿನ ಕೆಳಗೆ ಮೊರಂಬಿನ ಹರಳುಕಲ್ಲು ಸರಿಯಿತು.

"ಕಲ್ಲು," ಎಂದು ಗಾಡಿಯವನು ಕೂಗಿದ. "ನಾಯಕರೇ, ಚಕ್ರಕ್ಕೆ ಕಲ್ಲು ಕೊಡಿ."

ಕಾವಲುಗಾರ ಮುಂದೆ ಓಡಿದ. ದಾರಿಯ ಬದಿಯಲ್ಲಿದ್ದ ಒಂದು ಕಲ್ಲಿಗೆ ಎರಡೂ ಕೈ ಹಾಕಿ ಬಗ್ಗಿದ.

"ನಾಯಕ," ಎಂದು ವ್ಯಾಪಾರಿ ಎದ್ದು ನಿಂತ. "ಬಗ್ಗಬೇಡ."

ರಿವಾಲ್ವರ್ ಒರೆಯಿಂದ ಜಾರಿ ಕುದುರೆಯ ಮೇಲೆಯೇ ಬಂಡೆಗೆ ಬಿತ್ತು.

ಶಬ್ದ ಕಣಿವೆಯನ್ನು ಒಂದು ಸುತ್ತು ಸುತ್ತಿ ಬಂತು. ಕಾವಲುಗಾರ ಕಲ್ಲನ್ನು ಬಿಡಲಿಲ್ಲ. ಅದನ್ನು ಎತ್ತಿ ಎರಡು ಹೆಜ್ಜೆ ಇಟ್ಟು ಚಕ್ರದ ಮುಂದೆ ಹಾಕಿದ. ಗಾಡಿ ನಿಂತಿತು. ಆಮೇಲೆ ಅವನು ಕೆಳಗೆ ಕೂತ. ಪಕ್ಕೆಯ ಕೆಳಗೆ ಅಂಗಿ ಒದ್ದೆಯಾಗುತ್ತಿತ್ತು.

ಗಾಡಿಯವನು ಓಡಿ ಬಂದ. ವ್ಯಾಪಾರಿ ಗಾಡಿಯಿಂದ ಇಳಿದು ಬಂದು ಪಕ್ಕದಲ್ಲಿ ಕೂತ.

"ಹಾರಬಾರದಿತ್ತಲ್ಲ," ಎಂದ ಕಾವಲುಗಾರ. ನೋವಿಗಿಂತ ಆಶ್ಚರ್ಯವೇ ಅವನ ದನಿಯಲ್ಲಿ ಹೆಚ್ಚಾಗಿತ್ತು. "ಬಿದ್ದರೂ ಹಾರಬಾರದು. ಖಾಲಿ ಮನೆ ಇತ್ತು. ಬೆಳಿಗ್ಗೆ ನಾನೇ ಬಿಟ್ಟಿದ್ದೆ."

ಆಯುಧವನ್ನು ಹತ್ತಿರಕ್ಕೆ ಎಳೆದುಕೊಂಡ. ಕುದುರೆಯನ್ನು ಅರ್ಧ ಎಳೆದ. ಬಾಗಿಲು ತೆರೆದ. ಉರುಳೆ ತಿರುಗಿಸಿದ. ಒಂದು ಸುಟ್ಟ ಗುಂಡು. ಉಳಿದ ಮನೆಗಳಲ್ಲೆಲ್ಲ ಗುಂಡು. ಕಪ್ಪು ತೂತು ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ಬರಲಿಲ್ಲ.

ತಲೆ ಎತ್ತಿ ವ್ಯಾಪಾರಿಯನ್ನು ನೋಡಿದ.

"ಆಲದ ಕೆಳಗೆ ಹೇಳಬೇಕು ಎಂದಿದ್ದೆ," ಎಂದ ವ್ಯಾಪಾರಿ.

ಕಾವಲುಗಾರ ಉರುಳೆಯಿಂದ ಬೆರಳು ತೆಗೆದ.

"ಹಳ್ಳದ ಹತ್ತಿರ ನಾನೂ ನೋಡಬೇಕು ಎಂದಿದ್ದೆ ಸಾವ್ಕಾರ್ರೇ," ಎಂದ. "ನಿಮಗೆ ಬೇಜಾರಾದೀತು ಅಂತ."

ಗುಂಡುಗಳನ್ನು ಒಂದೊಂದಾಗಿ ಹೊರಗೆ ನೂಕಿದ. ಸುಟ್ಟದ್ದನ್ನೂ ತೆಗೆದ. ಬೆರಳು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಆದರೂ ಬೇರೆಯವರಿಗೆ ಕೊಡಲಿಲ್ಲ. ಎಲ್ಲ ತೆಗೆದ ಮೇಲೆ ರಿವಾಲ್ವರನ್ನು ಗಾಡಿಯವನ ಕಡೆಗೆ ಚಾಚಿದ.

"ಖಾಲಿ ಮಾಡಿದ್ದೇನೆ," ಎಂದ. "ನೀನೂ ನೋಡಿಕೋ."

ಗಾಡಿಯವನು ಅಳುತ್ತಲೇ ನೋಡಿದ. ಪ್ರತಿ ಮನೆಯನ್ನೂ ನೋಡಿದ.

ಗಾಡಿ ಆಲದ ಮರ ತಲುಪುವ ಮೊದಲೇ ಕಾವಲುಗಾರ ಸತ್ತ.

ಗಿರಿಮಲ್ಲಪ್ಪನವರು ಕತೆ ನಿಲ್ಲಿಸಿದರು. ಸಿದ್ರಾಮ ನೆಲ ನೋಡುತ್ತ ಕೂತಿದ್ದ. ಕತೆ ನಡೆಯುವಾಗ ಗುರುಗಳ ಕೈ ಎಣ್ಣೆಬಟ್ಟೆಯ ಕೆಳಗೆ ಏನು ಮಾಡುತ್ತಿತ್ತು ಎಂಬುದರ ಕಡೆಗೆ ಅವನ ಗಮನ ಇರಲಿಲ್ಲ.

"ನನ್ನ ಪ್ರಶ್ನೆ ತಪ್ಪು," ಎಂದ. "ಇನ್ನು ಕೇಳುವುದಿಲ್ಲ ಗುರುಗಳೇ."

ಹೊರಗೆ ಖಜಾನೆಯ ಜನ ಬಂದು ನಿಂತಿದ್ದರು. ಒಬ್ಬ ಬಾಗಿಲಿನಿಂದ ಕರೆದ. ಗುರುಗಳು ಎದ್ದರು. ಬಟ್ಟೆಯನ್ನು ಮಡಿಸಿ ಇಟ್ಟರು. ರಿವಾಲ್ವರಿನ ಹಿಡಿಯನ್ನು ಸಿದ್ರಾಮನ ಕಡೆಗೆ ಮಾಡಿ ಚಾಚಿದರು.

"ಇದು ಇನ್ನು ನಿನ್ನದು."

ಸಿದ್ರಾಮ ಗುರುವಿನ ಕೈಯಿಂದ ಬಂದದ್ದನ್ನು ಹೇಗೆ ತೆಗೆದುಕೊಳ್ಳಬೇಕೋ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ. ಎಡಗಣ್ಣಿಗೆ ಒತ್ತಿಕೊಂಡ, ಬಲಗಣ್ಣಿಗೆ ಒತ್ತಿಕೊಂಡ. ಒರೆಗೆ ಇಳಿಸಿ, ಬಗ್ಗಿ ಗುರುಗಳ ಪಾದ ಮುಟ್ಟಿದ.

"ಕಣ್ಣಿಗೆ ಒತ್ತಿಕೊಂಡೆ, ತೆರೆದು ನೋಡಲಿಲ್ಲ," ಎಂದರು ಗುರುಗಳು.

ಸಿದ್ರಾಮ ಬಗ್ಗಿದಲ್ಲಿಯೇ ಒರೆಯನ್ನು ಅಂಗೈಯಿಂದ ಒತ್ತಿ ಹಿಡಿದ. ಏಳಲಿಲ್ಲ.